ಮಾಮಾನ ಹೆಸರಿನ ರಕ್ತ

ಗುರುಪಾದ ಮಾಮಾ ತನ್ನವನೇ ಎಂದು ಸೌಮ್ಯಾ ಲಂಗ ಉಡುತ್ತಿದ್ದ ದಿನಗಳಿಂದಲೂ ನಂಬಿದ್ದಳು. ಅವ್ವನ ಸ್ವಂತ ತಮ್ಮ. ಅಕ್ಕನ ಮಗಳನ್ನು ಬಿಟ್ಟು ಇನ್ನಾರನ್ನು ಮಾಡಿಕೊಂಡಾನು? ಆದರೆ ಅವನು ಅಜ್ಜಿಯ ತವರಿನ ಕಡೆಯ ಸುಕನ್ಯಾಳನ್ನು ತಂದ. ಆ ಮದುವೆಯಲ್ಲಿ ಆರತಿ ಹಿಡಿದು ನಿಂತವಳು ಸೌಮ್ಯಾ.

"ನಕ್ಕೋತ ಓಡ್ಯಾಡು. ಮಂದಿ ನೋಡಾಕತ್ತಾರ," ಎಂದಳು ಅವ್ವ.

"ನಗಾಕತ್ತೇನಲ್ಲ ಬೇ."

"ಹಲ್ಲು ಕಾಣಾಕತ್ತಾವ. ನಗಿ ಕಾಣವಲ್ದು."

2004ರಲ್ಲಿ ಸುಕನ್ಯಾಳ ಕೂಸನ್ನು ತಂದು ಸೇರಿಸಿದ್ದು ಸೌಮ್ಯಾ ರಕ್ತ ಪರೀಕ್ಷೆ ಮಾಡುತ್ತಿದ್ದ ವಿದ್ಯಾನಗರದ ಆಸ್ಪತ್ರೆಗೇ. ಬಾಯಲ್ಲಿ ಬಿಳಿ ಹುಣ್ಣು, ನಿಲ್ಲದ ಭೇದಿ, ಎದೆ ತುಂಬ ಕಫ. ಮೈ ಕಾಯುವ ಟಿ ಕೋಶಗಳಿಗೆ ರೋಗಾಣುವನ್ನು ಗುರುತಿಸುವ ಕಣ್ಣಿನಂಥ ಗ್ರಾಹಕವೇ ಹುಟ್ಟಿನಿಂದ ನೆಟ್ಟಗಿಲ್ಲ ಎಂದರು ಡಾಕ್ಟರ್ ಶಶಿಕಾಂತ. ಕೋಟೆಯ ತುಂಬ ಕುರುಡು ಕಾವಲುಗಾರರು, ಎಂದುಕೊಂಡಳು ಸೌಮ್ಯಾ. ಕೂಸು ಉಳಿಯಲಿಲ್ಲ. ಅವಳೂ ಅತ್ತಳು, ಮನಸಾರೆಯೇ.

"ತಂದಿಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು ದೋಷ ಕೂಡಿದ್ರ ಮಾತ್ರ ಈ ರೋಗ. ಇಬ್ಬರ ರಕ್ತಾನೂ ಮುಂಬೈಗೆ ಕಳಸೂಣು," ಎಂದರು ಡಾಕ್ಟರು.

ಸೌಮ್ಯಾಳ ಅಳು ಅಲ್ಲಿಗೆ ನಿಂತಿತು. ತಂದೆಯ ಪಾಲು ಸಿಗದೇ ಹೋದರೆ? ಕೂಸಿನ ತಂದೆ ಬೇರೆ ಎಂದಾಗುತ್ತದೆ.

ಅವಳು ಅವಸರ ಮಾಡಲಿಲ್ಲ. ಮಾಮಾನ ರಕ್ತ ತಾನೇ ತೆಗೆದು ಮೋರಿಗೆ ಸುರಿದಳು. ಬದಲಿಗೆ ಬೇಕಾದದ್ದು ಗಂಡಸಿನ ರಕ್ತ, ಅದೇ ಗುಂಪಿನದು. ಸಂಬಂಧಿಕರದಂತೂ ಕೂಡದು, ಅವರಲ್ಲೂ ಆ ದೋಷ ಅಡಗಿರಬಹುದು. ಸಕ್ಕರೆ ಕಾಯಿಲೆಯ ದಸ್ತಗೀರಸಾಬ ಎಲ್ಲಕ್ಕೂ ಹೊಂದಿದ.

"ಇವತ್ತ ಭಾಳ ತಗದಿ ಬೇಟಿ. ಮಾರ್ತಿಯೇನು?"

"ನಿಮ್ಮ ರಕ್ತ ಯಾರು ಕೊಳ್ತಾರ ಚಾಚಾ, ಬರೇ ಪಾಕ."

ಮುದುಕ ನಗುತ್ತ ಹೋದ. ಟ್ಯೂಬಿನ ಮೇಲೆ ಗುರುಪಾದನ ಹೆಸರನ್ನು ಅವಳು ರಂಗೋಲಿಯ ಎಳೆಯಷ್ಟು ಅಂದವಾಗಿ ಬರೆದಳು.

ಸುಕನ್ಯಾಳಲ್ಲಿ ದೋಷವಿದೆ, ಗುರುಪಾದನಲ್ಲಿ ಇಲ್ಲ ಎಂದು ವರದಿ ಬಂತು. ಇನ್ನೊಮ್ಮೆ ನೋಡೋಣ ಎಂದ ಡಾಕ್ಟರ ಮಾತನ್ನು ಮರ್ಯಾದೆಗೆ ಅಂಜಿದ ಮನೆಯವರು ಕೇಳಲಿಲ್ಲ.

"ಕಾಗದ ನಂಬ್ತೀರಿ. ನನ್ನ ನಂಬೂದಿಲ್ಲೇನ್ರಿ?" ಎಂದು ಸುಕನ್ಯಾ ಕೇಳಿದಳು. ಗುರುಪಾದ ವರದಿಯನ್ನು ಮಡಚಿ ಜೇಬಿಗಿಟ್ಟ. ಅವಳು ತವರಿಗೆ ಹೋದಳು, ಸೋಡಚೀಟಿಯಾಗಿ ಮದುವೆ ಮುರಿಯಿತು.

ಮುಂದಿನದು ಸೌಮ್ಯಾ ಕನಸು ಕಂಡಂತೆಯೇ ನಡೆಯಿತು. ಮಾಮಾನ ಉಣಕಲ್ಲಿನ ಮನೆಗೆ ಸೊಸೆಯಾಗಿ ಬಂದವಳು ಸುಕನ್ಯಾ ನೆಟ್ಟಿದ್ದ ಮಲ್ಲಿಗೆ ಬಳ್ಳಿಯನ್ನು ಮೊದಲು ಬುಡಸಮೇತ ಕಿತ್ತಳು. ಸಂಜೆ ಕೆರೆಯ ದಂಡೆಯಲ್ಲಿ ಮಾಮಾ ಸುಮ್ಮನಾದರೆ ಸಾಕು, ಯಾರನ್ನು ನೆನೆಯುತ್ತಿದ್ದಾನೆಂದು ಅವಳ ಹೊಟ್ಟೆ ಉರಿಯುತ್ತಿತ್ತು. ಮಗ ಹುಟ್ಟಿದ ಮೇಲೆಯೇ ಆ ಉರಿ ಆರಿದ್ದು.

ಮೂರು ತಿಂಗಳಿಗೆ ಮಗನ ಬಾಯಲ್ಲಿ ಬಿಳಿ ಹುಣ್ಣೆದ್ದವು. ಅದೇ ರೋಗ, ಅದೇ ದೋಷ. ಡಾಕ್ಟರ್ ಶಶಿಕಾಂತ ಕನ್ನಡಕ ತೆಗೆದು ಕೆಳಗಿಟ್ಟರು. "ತಾಯಿ ಪಾಲು ತಿಳೀತದ. ಸೌಮ್ಯಾ, ನೀನು ಇವರ ಅಕ್ಕನ ಮಗಳು. ಈ ಮನಿ ದೋಷ ನಿನ್ನೊಳಗೂ ಇರಬೇಕು. ಆದ್ರ ಗುರುಪಾದ ಅವರಲ್ಲಿ ಅದು ಇಲ್ಲ ಅಂತ ಮುಂಬೈದವರು ಹೇಳಿದ್ರು. ತಂದಿ ಪಾಲು ಎಲ್ಲಿಂದ ಬಂತು?" ಊರವರ ರಕ್ತವನ್ನೆಲ್ಲ ಅಳೆದು ನೋಡಿದವಳು ತನ್ನದನ್ನು ಮರೆತಿದ್ದಳು. ಈಗ ಗುರುಪಾದ ಹೆಂಡತಿಯ ಕಡೆ ಮೆಲ್ಲಗೆ ತಿರುಗಿದ. "ಹೇಳು," ಎಂದ, "ಕೂಸು ಯಾರದು?"