ಸ್ನಾನದ ಮನೆಯ ಹಿಡಿಕಂಬಿ

ನನ್ನ ಗಂಡನ ತಿಥಿಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಗಾರೆ ಕೆಲಸದ ಸಣ್ಣಬೀರಯ್ಯ ಎಂದಿನಂತೆ ಬಂದ. ಬೀಚನಹಳ್ಳಿಯ ನಮ್ಮ ಕ್ವಾರ್ಟರ್ಸಿನಲ್ಲಿ ಹಿಂದಿನ ಯಾರೋ ಇಂಜಿನಿಯರು ಹಾಕಿಸಿದ್ದ ಬಾತ್‌ಟಬ್ ಇತ್ತು. ಲಕ್ವ ಹೊಡೆದ ಅತ್ತೆಗೆ ಅದರ ಅಂಚು ದಾಟಲಾಗದೆ, ದಿನವೂ ನನ್ನ ಗಂಡನೇ ಕೈಹಿಡಿದು ದಾಟಿಸುತ್ತಿದ್ದರು. ಸಾಯುವ ಮೊದಲು ಅವರು ಟಬ್ ಒಡೆಸಿ, ಹೊಸ್ತಿಲಿಲ್ಲದಂತೆ ನೆಲಕ್ಕೆ ಟೈಲ್ಸ್ ಹಾಕಿಸಿ, ಶವರ್ ಕೂರಿಸಿದ್ದರು. ಗೋಡೆಗೆ ಹಿಡಿಕಂಬಿ ಕೂರಿಸುವುದೊಂದು ಬಾಕಿಯಿತ್ತು.

“ಎಮ್ಮೆ ಕಟ್ಟುದ್ರೂ ಕೀಳಾಕಿಲ್ಲ ಕಣ್ರವ್ವ,” ಎಂದು ಸಣ್ಣಬೀರಯ್ಯ ಕಂಬಿ ಕೂರಿಸಿ, ಜಗ್ಗಿ ತೋರಿಸಿ ಹೋದ.

ಮಾರನೆಯ ದಿನ ಅತ್ತೆಯನ್ನು ಸ್ನಾನಕ್ಕೆ ಕರೆದೊಯ್ದೆ. ಮಗನಲ್ಲದೆ ಬೇರೆ ಯಾರು ಮುಟ್ಟಿದರೂ ನಡುಗುತ್ತಿದ್ದವರು, ಕಂಬಿ ಹಿಡಿದ ಕೂಡಲೇ ಶಾಂತರಾದರು. ಇಲ್ಲದ ಅಂಚನ್ನು ದಾಟುವಂತೆ ಕಾಲೆತ್ತಿ ಒಳಗಿಟ್ಟರು.

“ಕೈ ಬೆಚ್ಚಗದೆ. ನೀನ್ ಬುಡವ್ವ, ಇವ್ನೇ ಇಡ್ಕಂಡವ್ನೆ.”

“ಅತ್ತೆ, ಅದು ಕಂಬಿ.”

“ನನ್ ಮಗನ ಕೈ ನಂಗೊತ್ತಿಲ್ವಾ?”

ಅತ್ತೆಯನ್ನು ಮಲಗಿಸಿ ಬಂದು, ಅವರು ಹಿಡಿದಲ್ಲೇ ನಾನೂ ಹಿಡಿದೆ. ತಣ್ಣನೆಯ ಉಕ್ಕು. ನನಗೂ ಒಮ್ಮೆ ಬೆಚ್ಚಗಾಗಲಿ ಎಂದು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಆಗಲಿಲ್ಲ.

ಸಂಜೆ, ಆ ಕಂಬಿ ಕೂರಿಸಲೆಂದು ನನ್ನ ಗಂಡ ಎರವಲು ತಂದಿದ್ದ ಡ್ರಿಲ್ ಮೆಷೀನನ್ನು ಪಕ್ಕದ ಸಾಲಿನ ಕಾಂತರಾಜುವಿಗೆ ಹಿಂದಿರುಗಿಸಲು ಹೋದೆ. ಅವನು ಅದರ ಹಿಡಿ ಹಿಡಿದವನೇ ಕೈ ಬದಲಾಯಿಸಿದ.

“ಇನ್ನೂ ಬೆಚ್ಚಗದಲ್ಲಕ್ಕಾ. ಈಗ್ ತಾನೆ ಯಾರ್ ಇಡ್ಕಂಡಿದ್ರು?”

ಹಿಂದಿನ ದಿನ ಸಣ್ಣಬೀರಯ್ಯ ಕೆಲಸ ಮುಗಿಸಿ ಇಟ್ಟ ಮೇಲೆ ಅದನ್ನು ಯಾರೂ ಹಿಡಿದಿರಲಿಲ್ಲ. ನಾನೂ ಅದನ್ನು ಚೀಲದಲ್ಲಿ ಹಾಕಿಕೊಂಡೇ ತಂದಿದ್ದೆ. ಕೈ ಚಾಚಿ ನಾನೂ ಹಿಡಿ ಮುಟ್ಟಿ ನೋಡಿದೆ. ತಣ್ಣಗಿತ್ತು.