ಇಲ್ಲ ಅನ್ನಬಾರದ ಸೀಮೆ

"ರಾಗಿ ಹೆಚ್ಚೈತೆ. ಬರ್ತೀನಿ."

ಕೆಂಚವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇಷ್ಟೇ. ಹೇಳಿ ಕಣ್ಣು ಮುಚ್ಚಿದಳು.

ಗುಡ್ಡಗಳು ಇನ್ನೂ ಮಾತಾಡುತ್ತಿದ್ದ ಕಾಲದ ಕತೆ ಇದು. ತೊರೆಗಲ್ಲು ಅಂತ ಒಂದು ರಾಜ್ಯ. ಅಲ್ಲಿ ಮಳೆ ಬಾರದೆ ಮೂರು ವರ್ಷವಾಗಿತ್ತು. ಕೆಂಚವ್ವನ ಗಂಡ ಸಣ್ಣೀರಪ್ಪ ಅರಮನೆಯ ಕಣಜದಲ್ಲಿ ರಾಗಿ ಅಳೆಯುವವನು. ಊರಿಗೆಲ್ಲ ಅಳೆದ. ಅವನ ಮನೆಯ ಮಡಕೆಯೇ ಬರಿದಾಯಿತು. ಮನೆಯಲ್ಲಿ ಕಾಳು ಮುಗಿದರೆ ಮುಗಿಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಕೆಂಚವ್ವ ಸಾಯುವಾಗಲೂ ಈ ಪದ್ಧತಿ ಬಿಡದವಳು.

ಬರಕ್ಕಿಂತ ಕೆಟ್ಟವನು ಒಣಬಾಯಿ ಮಾಂತ್ರಿಕ. ಕತ್ತೆಕಿರುಬನಾಗಿ ದಾರಿಗೆ ಅಡ್ಡ ನಿಂತು ಪ್ರಶ್ನೆ ಕೇಳುತ್ತಿದ್ದ. ಅವನ ಮುಂದೆ 'ಇಲ್ಲ' ಅಂದ ಬಾಯಿ ಮಣ್ಣಾಗುತ್ತಿತ್ತು. ಅಂದವರು ನಿಂತಲ್ಲೇ ಬೊಂಬೆ. ಅವರ ಕಾಳು ಮರಳು. ಸುಮ್ಮನಿದ್ದವರೂ ಪಾದದಿಂದ ಮೇಲಕ್ಕೆ ನಿಧಾನವಾಗಿ ಮಣ್ಣು. ದಾರಿಯುದ್ದಕ್ಕೂ ಬೊಂಬೆಗಳು ಬಾಯಿ ತೆರೆದು ನಿಂತಿದ್ದವು. ಗಾಳಿ ಹೊಕ್ಕರೆ "ಇಲ್ಲ... ಇಲ್ಲ..." ಅಂತ ನರಳುತ್ತಿದ್ದವು.

ರಾಣಿ ಸಣ್ಣೀರಪ್ಪನನ್ನು ಕರೆಸಿದಳು.

"ರಾಗಿ ನಮ್ಮ ಕಣಜದಲ್ಲಿದೆ. ನೀರು ಬಾವಿಹಟ್ಟಿಯಲ್ಲಿ. ಸೌದೆ ಕಾಡಂಚಿನಹಳ್ಳಿಯಲ್ಲಿ. ಒಬ್ಬರದು ಒಬ್ಬರಿಗೆ ಗೊತ್ತಿರದೆ ಎಲ್ಲರೂ ಬಚ್ಚಿಟ್ಟು ಕೂತಿದ್ದಾರೆ. ಮೂರೂ ಒಂದೇ ಒಲೆಗೆ ಬಂದರೆ ತಾನೇ ಗಂಜಿ? ಮೂರು ದಾರಿ ಕೂಡುವಲ್ಲಿ ನಾಳೆ ಬೆಳಿಗ್ಗೆ ಒಲೆ ಉರಿಯಬೇಕು. ತಪ್ಪಿದರೆ ಮುನ್ನೂರು ಮಕ್ಕಳು ಉಳಿಯವು."

"ಮುಂಚೆ ಹೋದವರು, ತಾಯಿ?"

"ಇಬ್ಬರೂ ಬೊಂಬೆಯಾದರು. ಕಮ್ಮಿ ಮಾತಿನವನು ನೀನೊಬ್ಬನೇ ಉಳಿದಿರೋದು ಕಣಪ್ಪ."

ಸಣ್ಣೀರಪ್ಪ ಕಣಜದ ರಾಗಿ ತುಂಬಿ ಬಂಡಿ ಹೂಡಿದ. ನೊಗದ ಹಗ್ಗ ಎರಡು ಸಲ ಜಾರಿತು.

ಊರಬಾಗಿಲು ದಾಟುತ್ತಿದ್ದಂತೆ ಕಿರುಬ ಎದುರಿಗೆ ಬಂತು. ಎತ್ತುಗಳು ಮುಗ್ಗರಿಸಿದವು.

"ಸಣ್ಣೀರಪ್ಪಾ, ನಿನ್ನ ಮನೇಲಿ ರಾಗಿ ಇದೆಯಾ?"

ಅವನಿಗೆ ಹೆಂಡತಿಯ ಮಾತೇ ಬಾಯಿಗೆ ಬಂತು.

"ಹೆಚ್ಚೈತೆ."

"ಹೆಚ್ಚಿದ್ದರೆ ಮುಖ ಯಾಕೋ ಹಂಗೆ ಒಣಗಿದ ಹಾಗಲಕಾಯಿ ಆಗಿದೆ?" ಅಂತ ಕಿರುಬ ಬೈದು ಪೊದೆಗೆ ನುಗ್ಗಿತು.

ಬಾವಿಹಟ್ಟಿಯಲ್ಲಿ ಸಿದ್ದಜ್ಜಿ ಬಾವಿಗೆ ಚಪ್ಪಡಿ ಮುಚ್ಚಿ ಅದರ ಮೇಲೇ ಕೂತಿದ್ದಳು. ಕಿರುಬ ಅಲ್ಲಿಗೆ ಮೊದಲೇ ಬಂದಿತ್ತು.

"ಅಜ್ಜೀ, ಬಾವೀಲಿ ನೀರಿದೆಯಾ?"

ಕೇಳಿದವರಿಗೆಲ್ಲ ಅಜ್ಜಿ ಹೇಳುತ್ತಿದ್ದದ್ದು ಒಂದೇ ಸುಳ್ಳು. "ನೀರು ಇ..."

ಸಣ್ಣೀರಪ್ಪ ಓಡಿಹೋಗಿ ಅವಳ ಬಾಯಿ ಮುಚ್ಚಿದ. ಅವಳ ತುಟಿ ಆಗಲೇ ಮಣ್ಣಾಗಿತ್ತು. "ಹೆಚ್ಚೈತೆ ಅನ್ನಜ್ಜಿ! ಹೆಚ್ಚೈತೆ ಅನ್ನು!"

"ಹೆ... ಹೆಚ್ಚೈತೆ," ಅಂದಳು. ತುಟಿಯ ಮಣ್ಣು ಉದುರಿತು. ಕಿರುಬ ಊಳಿಡುತ್ತಾ ಓಡಿತು. ಅಜ್ಜಿ ಚಪ್ಪಡಿಯಿಂದ ಇಳಿದಳು. "ಏ ಮುಂಡೇದೇ, ನೀರು ಕದಿಯೋಕೆ ಬಂದೆ ಅಂದ್ಕೊಂಡೆ! ತಗೋ, ಕೊಡ ತುಂಬಿಸು."

ಒಲೆಯ ಸುದ್ದಿ ಕೇಳಿ ಕಾಡಂಚಿನಹಳ್ಳಿಯವರು ಅವನ ಬಂಡಿಗೆ ಸೌದೆ ತುಂಬಿಸಿ, ಹೆದರಿ ಬಾಗಿಲು ಹಾಕಿಕೊಂಡರು. ಬಂಡಿಯ ಮುಂದೆ ಈ ಸಲ ಮಾಂತ್ರಿಕನೇ ನಿಂತಿದ್ದ. ಮನುಷ್ಯನ ರೂಪ. ಮೆತ್ತಗಿನ ದನಿ.

"ಪಾಪ, ದಣಿದಿದ್ದೀಯ. ಒಂದೇ ಒಂದು ಕೇಳ್ತೀನಿ. ನಿನ್ನ ಹೆಂಡತಿ ಇದ್ದಾಳಾ?"

ಸಣ್ಣೀರಪ್ಪ ನಿಂತುಬಿಟ್ಟ. ಎರಡು ತಿಂಗಳಿಂದ ಯಾರ ಹತ್ತಿರವೂ ಅವನು ಆ ಮಾತು ಆಡದೆ ಉಳಿದಿದ್ದ. ಈಗ ಅದು ಗಂಟಲಿಗೆ ಬಂತು. ಅಂದುಬಿಟ್ಟರೆ ಮುಗಿಯಿತು. ನೋವೂ ಮುಗಿಯಿತು. ಪಾದ ತಣ್ಣಗಾಯಿತು. ಮೊಣಕಾಲು ಮಣ್ಣಾಯಿತು. ಸೊಂಟ ಮಣ್ಣಾಯಿತು. ಹಿಂದೆ ಬಂಡಿಯಲ್ಲಿ ರಾಗಿ ಮರಳಾಗುವ ಸರಸರ ಸದ್ದು ಕೇಳಿಸಿತು.

"ಹೇಳು. ಇದ್ದಾಳಾ?"

"ಬರ್ತೀನಿ ಅಂದವಳೆ," ಅಂದ ಸಣ್ಣೀರಪ್ಪ.

"ಯಾವಾಗ ಬರ್ತಾಳೆ?"

"ಅದನ್ನ ಅವಳೇ ಹೇಳ್ಬೇಕು."

"ಎಲ್ಲಿಂದ ಬರ್ತಾಳೋ ಮೂಢ?"

"ಹೋದ ಕಡೆಯಿಂದ."

ಮಾಂತ್ರಿಕನಿಗೆ ಸಿಟ್ಟು ನೆತ್ತಿಗೇರಿತು. ಕಾಲು ನೆಲಕ್ಕೆ ಬಡಿದ. "ಸುಳ್ಳು! ಅವಳು ಇಲ್ಲ! ಇಲ್ಲವೇ ಇಲ್ಲ!"

ತನ್ನ ಮಾಟ ತನಗೇ ತಾಗಿತು. ಬಾಯಿ ತೆರೆದಿದ್ದ ಹಾಗೇ ಮಣ್ಣಾದ. ಎತ್ತು ಒಂದು ಸಲ ಹಾಯ್ದಿತು. ಪುಡಿಯಾದ.

ಸಣ್ಣೀರಪ್ಪನ ಕಾಲಿನ ಮಣ್ಣು ಉದುರಿತು, ಮರಳು ತಿರುಗಿ ರಾಗಿಯಾಯಿತು. ದಾರಿಯ ಬೊಂಬೆಗಳು ಕೆಮ್ಮಿದವು, ಮೈ ಕೊಡವಿದವು, ಮನೆಯವರನ್ನು ಹುಡುಕಿಕೊಂಡು ನಡೆದವು. ಹೊತ್ತು ಮುಳುಗುವ ಮುಂಚೆ ರಾಗಿ, ನೀರು, ಸೌದೆ ಮೂರೂ ಮೂರುದಾರಿಯಲ್ಲಿ ಇಳಿದವು. ಮುಂದೆ ಮಳೆ ಬರುವ ತನಕ ಮೂರೂರಿನವರು ಒಂದೇ ಒಲೆಯ ಗಂಜಿ ಉಂಡರು. ಮಳೆ ಬಂದ ಮೇಲೂ ಒಟ್ಟಿಗೆ ಸುಖವಾಗಿ ಉಂಡರು.

ಅದೆಲ್ಲ ಆಮೇಲಿನ ಮಾತು. ಮಾರನೇ ಬೆಳಿಗ್ಗೆ ಸಣ್ಣೀರಪ್ಪ ಎದ್ದ. ಮುಖ ತೊಳೆದ. ಮೂರುದಾರಿಯ ಒಲೆಗೆ ಬೆಂಕಿ ಹಾಕುವುದು ಅವನ ಪಾಲಿಗೆ ಬಂದಿತ್ತು. ರಾಗಿ ಅಳೆಯುವ ಕೊಳಗ ಕಂಕುಳಲ್ಲಿ ಇಟ್ಟುಕೊಂಡು ಹೊಸ್ತಿಲು ದಾಟಿದ. ಏನೋ ಮರೆತವನಂತೆ ನಿಂತ. ತಿರುಗಿ ಬರಿದಾದ ಅಡುಗೆಮನೆ ಕಡೆ ನೋಡಿ, "ಬರ್ತೀನಿ ಕಣೇ," ಅಂದ.

ಬಾಗಿಲು ಎಳೆದುಕೊಂಡು ಹೊರಟ.