ಬಾಗಿಲಿಗೆ ಅಡ್ಡ ನಿಂತವಳು

“ಅಜ್ಜೀ, ಮೆಷಿನ್ ನಿಲ್ಲಿಸು! ಏನೂ ಕೇಳಿಸ್ತಿಲ್ಲ!”

ಮೊಮ್ಮಗಳ ಕೂಗಿಗೆ ಅಜ್ಜಿ ಹೊಲಿಗೆ ಮೆಷಿನ್ನಿನಿಂದ ಕಾಲು ತೆಗೆದಳು. ಕಿಟಕಿಯ ಹೊರಗೆ ಪೊಲೀಸ್ ಜೀಪೊಂದು ನಿಧಾನವಾಗಿ ಹೋಗುತ್ತಿತ್ತು. ಅದರ ಮೈಕ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು.

“ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಗ್ಯಾಸ್ ಸೋರಿದೆ. ಎಲ್ಲರೂ ಮನೆಯೊಳಗೇ ಇರಿ. ಬಾಗಿಲು, ಕಿಟಕಿ ಮುಚ್ಚಿ. ಫ್ಯಾನ್ ಆಫ್ ಮಾಡಿ. ಮಕ್ಕಳನ್ನು ಶಾಲೆಯಲ್ಲೇ ನೋಡಿಕೊಳ್ಳುತ್ತಾರೆ. ಕರೆತರಲು ಯಾರೂ ಹೊರಗೆ ಬರಬೇಡಿ.”

ಕೊನೆಯ ಮಾತು ಕೇಳಿ ಅಜ್ಜಿಯ ಮುಖ ಬಿಳಿಚಿಕೊಂಡಿತು. ಮೊಮ್ಮಗ ಶಾಲೆಯಲ್ಲಿದ್ದ. ಒಂದನೇ ಕ್ಲಾಸು. ಯಾರ ಬೆನ್ನು ಕಂಡರೂ ಹತ್ತಿ ಕೂರುವ ಅವನನ್ನು ಮನೆಯವರೆಲ್ಲ ‘ಮೂಟೆ’ ಎನ್ನುತ್ತಿದ್ದರು. ಅವನ ಅಕ್ಕನ ಹೆಸರು ‘ಪಟಪಟಿ’. ಅವಳ ಬಾಯಿ ಹಾಗಿತ್ತು. ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು, ಮೂರು ದಿನದಿಂದ ಬ್ಯಾಂಡೇಜ್ ಸುತ್ತಿಕೊಂಡು ಮನೆಯಲ್ಲಿದ್ದಳು. ಅಮ್ಮ ಸಿಟಿ ಬಸ್ ಡ್ರೈವರ್. ಊರಿನ ಇನ್ನೊಂದು ತುದಿಯಲ್ಲಿ ಡ್ಯೂಟಿ ಮೇಲಿದ್ದಳು.

“ಅಜ್ಜಿ, ಈ ರೂಮೇ ಸಾಕು. ಇಲ್ಲಿ ಒಂದೇ ಕಿಟಕಿ” ಎಂದಳು ಪಟಪಟಿ. “ನಮ್ಮ ಸ್ಕೂಲಿಗೆ ಫೈರ್ ಅಂಕಲ್ ಬಂದು ಎಲ್ಲ ಹೇಳಿಕೊಟ್ಟಿದಾರೆ. ಟೇಪ್ ಎಲ್ಲಿ?”

ಅಜ್ಜಿ ಮನೆಯ ಬಾಗಿಲು, ಅಡುಗೆಮನೆ ಕಿಟಕಿ ಎಲ್ಲ ಹಾಕಿ, ಒಂದು ಬಕೆಟ್ ನೀರು ತಂದಳು. ಪಟಪಟಿ ಕುಂಟುತ್ತಲೇ ಫ್ಯಾನ್ ಆಫ್ ಮಾಡಿದಳು. ಹೊಲಿದ ಬಟ್ಟೆ ಹಾಕಿಕೊಡುವ ಪ್ಲಾಸ್ಟಿಕ್ ಕವರುಗಳನ್ನು ಕತ್ತರಿಸಿ ಕಿಟಕಿಗೆ ಅಂಟಿಸಿದಳು. ಇಬ್ಬರೂ ಸೇರಿ ಟವಲನ್ನು ಬಕೆಟ್ಟಿನಲ್ಲಿ ಅದ್ದಿ, ರೂಮಿನ ಬಾಗಿಲ ಕೆಳಗಿನ ಸಂದಿಗೆ ಒತ್ತಿದರು.

ಕೆಲಸ ಮುಗಿಯಿತು. ಕೆಲಸ ಮುಗಿದದ್ದೇ ತಪ್ಪಾಯಿತು. ಸುಮ್ಮನೆ ಕೂತ ಅಜ್ಜಿಗೆ ಯೋಚನೆ ಶುರುವಾಯಿತು. ಅಮ್ಮನಿಗೆ ಫೋನ್ ಮಾಡಿದರೆ ಲೈನ್ ಸಿಗಲಿಲ್ಲ. ಶಾಲೆಗೂ ಸಿಗಲಿಲ್ಲ.

ಅಜ್ಜಿ ತಟ್ಟನೆ ಎದ್ದಳು. ಸೆರಗನ್ನು ಮೂಗಿಗೆ ಸುತ್ತಿಕೊಂಡಳು.

“ಐದೇ ನಿಮಿಷದ ದಾರಿ. ಹೋಗಿ ಎತ್ಕೊಂಡು ಬಂದ್ಬಿಡ್ತೀನಿ.”

ಪಟಪಟಿ ಒಂಟಿಕಾಲಲ್ಲಿ ಕುಪ್ಪಳಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಬಿಡಲ್ಲ.”

“ಸರ್ಕೊಳ್ಳೇ ಈಚೆ! ಮಗು ಅಳ್ತಿರತ್ತೆ ಅಲ್ಲಿ.”

“ಅಳ್ಲಿ. ಅತ್ರೆ ಏನೂ ಆಗಲ್ಲ.”

“ನಿಂಗೆ ತಮ್ಮ ಅಂದ್ರೆ ಪ್ರೀತಿನೇ ಇಲ್ವೇನೇ?”

ಆ ಮಾತು ಪಟಪಟಿಗೆ ಚುರ್ರೆಂದಿತು. ಆದರೂ ಅವಳು ಅಲ್ಲಾಡಲಿಲ್ಲ.

“ಇದೆ. ಅದಕ್ಕೇ ಬಿಡಲ್ಲ. ನೀನು ಹೋಗಿ ಬಾಗಿಲು ತಟ್ಟಿದ್ರೆ ಅವನ ಮಿಸ್ ತೆಗೀತಾರೆ. ಆಗ ಆ ಗಾಳಿ ಮೊದ್ಲು ಯಾರ ಮೂಗಿಗೆ ಹೋಗತ್ತೆ ಹೇಳು? ಅವನು ಕೂರೋದು ಬಾಗಿಲ ಪಕ್ಕದ ಬೆಂಚಲ್ಲಿ!”

ಅಜ್ಜಿ ಮೂಗಿನ ಸೆರಗು ಬಿಚ್ಚಿ ಮೆಷಿನ್ನಿನ ಸ್ಟೂಲಿನ ಮೇಲೆ ಕುಸಿದು ಕೂತಳು.

ಅಷ್ಟರಲ್ಲಿ ಒಂದು ಘಾಟು ಬಂತು. ಸಣ್ಣದಾಗಿ, ಆದರೆ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ. ಅಜ್ಜಿ ಕೆಮ್ಮಿದಳು.

“ಎಲ್ಲಿಂದ ಬಂತೇ ಇದು?”

ಟವಲ್ ಸರಿಯಾಗಿತ್ತು. ಕಿಟಕಿಯ ಪ್ಲಾಸ್ಟಿಕ್ಕೂ ಭದ್ರವಾಗಿತ್ತು. ಪಟಪಟಿ ಸುತ್ತ ನೋಡಿದಳು. ಗೋಡೆಯ ಮೊಳೆಗಳಿಗೆ ಹೊಲಿದ ಫ್ರಾಕುಗಳನ್ನು ಸಾಲಾಗಿ ನೇತುಹಾಕಿತ್ತು. ಎಲ್ಲವೂ ಸುಮ್ಮನಿದ್ದವು. ಮೂಲೆಯ ಹಸಿರು ಫ್ರಾಕು ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು.

“ಫ್ಯಾನ್ ಆಫ್ ಇದೆ. ಮತ್ತೆ ಅದ್ಯಾಕೆ ಅಲ್ಲಾಡ್ತಿದೆ?”

ಫ್ರಾಕನ್ನು ಸರಿಸಿದರೆ ಹಿಂದೆ ಮುಷ್ಟಿಗಾತ್ರದ ತೂತು! ಹಳೆಯ ಎ.ಸಿ.ಯ ಪೈಪು ತೆಗೆದ ಜಾಗ.

“ಅಯ್ಯೋ, ಇದೊಂದು ಇದ್ದದ್ದೇ ಮರೆತಿದ್ದೆ!” ಅಜ್ಜಿ ಓಡಿ ಬಂದಳು. ಚೂರು ಬಟ್ಟೆಗಳನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ತೂತಿಗೆ ತುರುಕಿದಳು. ಪಟಪಟಿ ಮೇಲೆ ಪ್ಲಾಸ್ಟಿಕ್ ಇಟ್ಟು, ಟೇಪನ್ನು ಹಲ್ಲಿನಲ್ಲೇ ಹರಿದು ನಾಲ್ಕೂ ಕಡೆ ಅಂಟಿಸಿದಳು.

ಇಬ್ಬರೂ ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ಹಸಿರು ಫ್ರಾಕನ್ನೇ ನೋಡಿದರು. ಅದು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿಯ ಕೆಮ್ಮೂ ನಿಂತಿತು.

“ಎಲಾ ಇವಳಾ!” ಎಂದಳು ಅಜ್ಜಿ.

ಎರಡು ಗಂಟೆ ಕಳೆದ ಮೇಲೆ ಜೀಪು ಮತ್ತೆ ಬಂತು. “ಸೋರಿಕೆ ನಿಂತಿದೆ. ಗಾಳಿ ತಿಳಿಯಾಗಿದೆ. ಕಿಟಕಿ, ಬಾಗಿಲು ತೆರೆದು ಸ್ವಲ್ಪ ಹೊತ್ತು ಹೊರಗೆ ನಿಲ್ಲಿ.” ಇಬ್ಬರೂ ಎಲ್ಲವನ್ನೂ ತೆರೆದಿಟ್ಟು ಮನೆ ಮುಂದೆ ಬಂದು ನಿಂತರು. ಬೀದಿಯವರೆಲ್ಲ ಹೊರಗೆ ಬಂದಿದ್ದರು.

ಅಜ್ಜಿ ಶಾಲೆಗೆ ಹೊರಡುವಷ್ಟರಲ್ಲಿ ತಿರುವಿನಲ್ಲಿ ಅಮ್ಮ ಕಾಣಿಸಿದಳು. ಖಾಕಿ ಶರ್ಟು, ಬೆನ್ನ ಮೇಲೆ ಮೂಟೆ.

ಅಜ್ಜಿ ಓಡಿ ಹೋಗಿ ಅವನನ್ನು ಇಳಿಸಿಕೊಂಡು ಮೈಯೆಲ್ಲ ತಡವಿದಳು. “ಅಜ್ಜಿ ಬರ್ಲಿಲ್ಲ ಅಂತ ಅತ್ಯಾ, ಬಂಗಾರ?”

“ಸ್ವಲ್ಪ ಅತ್ತೆ” ಎಂದ ಮೂಟೆ. “ನೀನು ಬಂದ್ಬಿಡ್ತೀಯೇನೋ ಅಂತ. ಹೊರಗೆಲ್ಲ ಗ್ಯಾಸ್ ಇತ್ತಲ್ಲ! ನಾನು ಮಿಸ್‌ಗೆ ಹೇಳ್ದೆ, ನಮ್ಮಜ್ಜಿ ಬಂದೇ ಬರ್ತಾಳೆ ಅಂತ.”

“ಮತ್ತೆ ಅಳು ಹೇಗೆ ನಿಂತ್ತೋ?”

“ಆಮೇಲೆ ನೆನಪಾಯ್ತು, ಇವತ್ತು ಅಕ್ಕ ಮನೇಲಿದಾಳೆ ಅಂತ. ಅವಳು ಬಿಡಲ್ಲ.”

ಅಜ್ಜಿ ಮೊಮ್ಮಗಳ ಕಡೆ ನೋಡಿದಳು. ಪಟಪಟಿ ಬೆರಳಿಗೆ ಮೆತ್ತಿಕೊಂಡಿದ್ದ ಟೇಪಿನ ಅಂಟನ್ನು ಉಜ್ಜುತ್ತ ತಲೆ ತಗ್ಗಿಸಿದಳು. ಕಣ್ಣು ಉರಿಯಿತು. ಅದು ಗ್ಯಾಸಿನ ಉರಿಯಲ್ಲ.

ಆಗ ಬಾಗಿಲಿಗೆ ಅಡ್ಡ ನಿಂತಿದ್ದಾಗ, ತನ್ನ ಕಡೆ ಯಾರೂ ಇಲ್ಲ ಎಂದುಕೊಂಡಿದ್ದಳು ಅವಳು.